ಪಿಸು ಹೂಂ ಅಂದಳಂತೆ

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ ಎಲ್ಲ ಕಡೆಯೂ ಇರುತ್ತಾರೆ. ಆ ಲಾಂಡ್ರಿಯಲ್ಲಿ ಒಂದು ಹಿಡಿ ಹೆಚ್ಚೇ ಇದ್ದರು. ಶನಿವಾರ ಬೆಳಿಗ್ಗೆ ಪಿಸು ಬಂದು ಏಪ್ರನ್ನಿನ ದಾರ ಕಟ್ಟಿಕೊಳ್ಳುವಷ್ಟರಲ್ಲಿ ಇಸ್ತ್ರಿ ಮೇಜಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಒಗೆಯುವ ಯಂತ್ರದ ಬಳಿಯ ದೊಡ್ಡಮ್ಮ ಒದ್ದೆ ಕೈಯಲ್ಲೇ ಅವಳ ಗಲ್ಲ ಹಿಡಿದು, ಹೊಸ ಊರಿಗೆ ಹೋದ ಮೇಲೆ ನಮ್ಮನ್ನೆಲ್ಲ ಮರೆತುಬಿಡಬೇಡ ಎಂದಳು. ಮೇಲ್ವಿಚಾರಕರಂತೂ ಅವಳ ಜಾಗಕ್ಕೆ ಯಾರನ್ನು ಹಾಕುವುದೆಂದು ಆಗಲೇ ತಲೆ ಕೆರೆದುಕೊಳ್ಳುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಹಾಗೆ. ಇಲ್ಲಿ ಕೂಸಿನ ಸುದ್ದಿ ಬಸುರಿಗೇ ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಪಿಸು ಎನ್ನುವುದು ಅವಳ ಹೆಸರಲ್ಲ. ಮಗುವಾಗಿದ್ದಾಗಿನಿಂದ ಅಜ್ಜಿಯ ಕಿವಿಗೆ ಬಾಯಿಟ್ಟೇ ಮಾತಾಡುತ್ತಿದ್ದವಳು, ಹತ್ತೊಂಬತ್ತು ತುಂಬಿದರೂ ಪಿಸುಮಾತಿನ ಪಿಸುವಾಗಿಯೇ ಉಳಿದಿದ್ದಳು. ಲಾಂಡ್ರಿಯಲ್ಲಿ ಅವಳ ಕೆಲಸ ಹೊದಿಕೆ ಮಡಚುವುದು. ಹೋಟೆಲುಗಳಿಂದ ಬರುವ ದೊಡ್ಡ ಹೊದಿಕೆಗಳು ಒಬ್ಬರ ಕೈಗೆ ಬಗ್ಗುವುದಿಲ್ಲ. ಆಚೆ ಒಬ್ಬರು, ಈಚೆ ಒಬ್ಬರು ಮೂಲೆ ಹಿಡಿದು ಎದುರುಬದುರು ನಡೆದು ಬರಬೇಕು. ಅವಳೆದುರು ನಡೆದು ಬರುವವಳು ರೇಡಿಯೋ. ಕರೆಂಟು ಹೋದರೂ ನಿಲ್ಲದವಳಾದ್ದರಿಂದ ಆ ಹೆಸರು. ಅಂದು ರೇಡಿಯೋ ಮೊದಲ ಹೊದಿಕೆ ಹಿಡಿದು ಬಂದವಳು ಮೂಲೆಗಳನ್ನು ಕೊಡದೆ ನಿಂತಳು.

"ನಂಗೊಂದು ಮಾತು ಹೇಳದೆ ಹೂಂ ಅಂದ್ಬಿಟ್ಯಲ್ಲೇ."

"ಯಾವುದಕ್ಕೆ?"

"ಯಾವುದಕ್ಕಂತೆ, ಕೇಳ್ತಾಳೆ ನೋಡು. ವ್ಯಾನಿನವನಿಗೆ. ಸೋಮವಾರ ಅವನ ಜೊತೆ ಹೊರಟಿದ್ದೀಯಂತೆ, ಅಲ್ಲೇ ಮದುವೆಯಂತೆ, ಕಂಪನಿ ಮನೆ ಕೂಡ ಸಿಕ್ಕಿದೆಯಂತೆ. ನಾನು ಮಾತ್ರ ಕೊನೇಲಿ ಕೇಳಬೇಕಿತ್ತಾ?"

ಪಿಸುವಿನ ಕೈಯಿಂದ ಹೊದಿಕೆ ಜಾರಿ ನೆಲಕ್ಕೆ ಬಿತ್ತು. ಮತ್ತೆ ಒಗೆಯಲು ಹಾಕಬೇಕಾಯಿತು.

ನಡೆದದ್ದಿಷ್ಟು. ಬಟ್ಟೆಯ ಗಂಟುಗಳನ್ನು ತರುವ, ಒಯ್ಯುವ ವ್ಯಾನಿನವನು ಆರೇಳು ತಿಂಗಳಿಂದ ಅವಳಿಗೆ ಒಳ್ಳೆಯವನಾಗಿದ್ದ. ಬಿಸಿಲಿದ್ದರೆ ಮನೆಯ ತಿರುವಿನವರೆಗೂ ಬಿಡುತ್ತಿದ್ದ. ನಗಿಸುತ್ತಿದ್ದ. ಅವಳಿಗೆ ಚಪ್ಪಲಿ ತಂದುಕೊಟ್ಟಿದ್ದ, ಬಣ್ಣ ತಾನೇ ಆರಿಸಿ. ಒಮ್ಮೆ ಅವಳ ಫೋನು ತೆಗೆದುಕೊಂಡು, ಇವನ್ಯಾರು, ಇವನ್ಯಾಕೆ ಎನ್ನುತ್ತ ಎರಡು ನಂಬರು ಅಳಿಸಿದ್ದ. ಒಂದು ಅವಳ ಚಿಕ್ಕಪ್ಪನದು. ಆಗಲೂ ಅವಳು ಮಾತಾಡಿರಲಿಲ್ಲ. ಶುಕ್ರವಾರ ಸಂಜೆ ವ್ಯಾನಿನ ಹಿಂಬಾಗಿಲು ಹಾಕಿ, ಪಕ್ಕದೂರಿನ ಹೊಸ ಲಾಂಡ್ರಿಗೆ ತನ್ನನ್ನು ಹಾಕಿದ್ದಾರೆ, ಬರ್ತೀಯಾ, ಅಲ್ಲೇ ಮದುವೆಯಾಗೋಣ ಎಂದು ಕೇಳಿದ. ಪಿಸು ನೆಲ ನೋಡಿದಳು. ವ್ಯಾನಿನ ಚಕ್ರ ನೋಡಿದಳು. ಒಂದಕ್ಷರವೂ ಆಡದೆ ಮನೆಗೆ ನಡೆದಳು. ಎಷ್ಟು ಸ್ಪಷ್ಟವಾಗಿ ಬೇಡವೆಂದು ಹೇಳಿಬಿಟ್ಟೆನಲ್ಲ, ಪಾಪ ನೊಂದುಕೊಂಡನೋ ಏನೋ ಎಂದು ರಾತ್ರಿ ಊಟವೂ ಅವಳಿಗೆ ಸೇರಿರಲಿಲ್ಲ.

ಇದೆಂಥ ಲೆಕ್ಕ ಎಂದು ನೀವು ಕೇಳಬಹುದು. ಅದಕ್ಕೆ ಅವಳ ಜನರ ವಿಷಯ ಸ್ವಲ್ಪ ಹೇಳಬೇಕು.

ಬೆಟ್ಟದ ಜನ ಅವರು. ಆ ಸೀಮೆಯ ಮೊದಲ ಜನ. ಪಟ್ಟಣ ಹುಟ್ಟುವುದಕ್ಕೆ ಮುಂಚೆ, ಪಟ್ಟಣಕ್ಕೆ ಬರುವ ದಾರಿ ಹುಟ್ಟುವುದಕ್ಕೂ ಮುಂಚೆ ಅಲ್ಲಿದ್ದವರು. ಕಡಿದಾದ ಬಂಡೆಗಳಿಗೆ ಹಗ್ಗ ಇಳಿಬಿಟ್ಟು ಜೇನು ಇಳಿಸುವುದು ಅವರ ಕಸುಬು. ಒಬ್ಬರು ಹಗ್ಗದ ತುದಿಯಲ್ಲಿ ತೂಗುತ್ತಾರೆ, ಇನ್ನೊಬ್ಬರು ಮೇಲೆ ಹಗ್ಗ ಹಿಡಿದು ಕೂರುತ್ತಾರೆ. ಮೇಲಿನವರು "ಬಿಡಲಾ?" ಎಂದು ಕೂಗಬೇಕು. ಕೆಳಗಿನಿಂದ "ಬಿಡು" ಎಂದು ಬಂದರೆ ಮಾತ್ರ ಹಗ್ಗ ಸಡಿಲಿಸಬೇಕು. ಬರಲಿಲ್ಲವೋ, ಕೈ ಕಲ್ಲಾಗಬೇಕು. ಕೆಳಗಿದ್ದವರ ಕಾಲು ಸಿಕ್ಕಿಕೊಂಡಿರಬಹುದು, ಹುಳ ಕಚ್ಚಿ ಬಾಯಿ ಬಾತಿರಬಹುದು, ಭಯಕ್ಕೆ ದನಿ ಹೂತುಹೋಗಿರಬಹುದು. ಕಾರಣ ಮೇಲಿದ್ದವರಿಗೆ ಬೇಕಿಲ್ಲ. ಸದ್ದಿಲ್ಲ ಎಂದರೆ ಬೇಡ ಎಂದರ್ಥ. ಹಾಲು ಕುಡಿಯುವ ಮಗುವಿನಿಂದ ಹಲ್ಲುದುರಿದ ಮುದುಕರವರೆಗೆ ಎಲ್ಲರ ರಕ್ತದಲ್ಲೂ ಈ ನಿಯಮ ಹರಿಯುತ್ತಿತ್ತು.

ಈಗ ಬೆಟ್ಟ ಬಿಟ್ಟು ಪಟ್ಟಣಕ್ಕೆ ಇಳಿದು ಒಂದು ತಲೆಮಾರಾಗಿತ್ತು. ಪಿಸುವಿನ ಅಪ್ಪ ಎತ್ತರದ ಕಟ್ಟಡಗಳ ಗಾಜು ಒರೆಸುತ್ತಿದ್ದ. ಹಲಗೆಯ ಮೇಲೆ ಕೂತು ಹಗ್ಗದಲ್ಲಿ ಇಳಿಯುತ್ತಿದ್ದ. ಮೇಲೆ ತಾರಸಿಯಲ್ಲಿ ಹಗ್ಗ ಹಿಡಿಯುವವಳು ಅಮ್ಮ. ಗಂಡ ಹೆಂಡಿರ ನಡುವೆ ಹದಿನಾಲ್ಕು ಮಹಡಿಯ ಗಾಳಿ, ಅದರೊಳಗೆ ಎರಡೇ ಮಾತು. ಮನೆಯಲ್ಲಿ ಮಾತ್ರ ಈ ನಿಯಮದಿಂದ ಆಗಾಗ ಪಜೀತಿಯಾಗುತ್ತಿತ್ತು. ಒಮ್ಮೆ ಅಪ್ಪನ ಕೆಲಸದ ಯಜಮಾನ ಊಟಕ್ಕೆ ಬಂದಿದ್ದ. ಅಜ್ಜಿ ಸೌಟು ಹಿಡಿದು ಇನ್ನಷ್ಟು ಬಡಿಸಲಾ ಎಂದಳು. ಪಟ್ಟಣದ ಮನುಷ್ಯ, ಬಲವಂತ ಮಾಡಲಿ ಎಂದು ಸಂಕೋಚದಿಂದ ಸುಮ್ಮನೆ ನಕ್ಕ. ಅಜ್ಜಿ ಸೌಟು ವಾಪಸು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದಳು. ಪಾಪ, ಅರೆಹೊಟ್ಟೆಯಲ್ಲಿ ಎದ್ದುಹೋದ. ಎಷ್ಟು ಮಿತವಾಗಿ ತಿಂತಾನಪ್ಪ, ಅದಕ್ಕೇ ಅಷ್ಟು ಗಟ್ಟಿಯಾಗಿದ್ದಾನೆ ಎಂದು ಅಜ್ಜಿ ವರ್ಷಗಟ್ಟಲೆ ಹೊಗಳಿದ್ದಳು.

ಇಂಥ ಮನೆಯ ಹುಡುಗಿ ಅವಳು. ಆದ್ದರಿಂದ ಶನಿವಾರ ಅವಳಿಗೆ ಹೊಳೆದದ್ದು ಒಂದೇ: ವ್ಯಾನಿನವನು ಸುಳ್ಳು ಹೇಳುತ್ತಿದ್ದಾನೆ. ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇಷ್ಟು ಜನ ನಂಬಿದ ಮೇಲೆ ತನ್ನ ಪಿಸುಮಾತನ್ನು ಯಾರು ಕೇಳುತ್ತಾರೆ? ಸೋಮವಾರ ಮಧ್ಯಾಹ್ನ ವ್ಯಾನು ಹೊರಟರೆ ತಾನೂ ಗಂಟುಗಳ ಜೊತೆ ಒಂದು ಗಂಟಾಗಿ ಹೋಗಬೇಕಾದೀತೇನೋ.

ಶನಿವಾರ ಅರ್ಧ ದಿನ ಕೆಲಸ. ಮಧ್ಯಾಹ್ನ ಅವಳೂ ರೇಡಿಯೋಳೂ ಆರೋಗ್ಯ ಕೇಂದ್ರದ ಹಿಂದಿನ ಕೋಣೆಗೆ ಹೋಗುವುದು ವಾಡಿಕೆ. ಅಲ್ಲಿ ಬೆಟ್ಟದ ಜನರ ಹೆಣ್ಣುಮಕ್ಕಳ ಕೂಟ ಸೇರುತ್ತಿತ್ತು. ನಡೆಸುವವಳು ನರ್ಸಕ್ಕ. ಅವರ ಜನರಲ್ಲಿ ನರ್ಸು ಓದಿದ ಮೊದಲನೆಯವಳು. ಯಾರ ಮನೆಯ ಮಗಳಿಗೆ ಯಾವ ಗಾಯ ಎಲ್ಲಿಂದ ಬಂತೆಂದು ಕಣ್ಣಾರೆ ಕಂಡವಳು. ಮೆಟ್ಟಿಲು ಬಿದ್ದೆ, ಬಾಗಿಲು ತಾಗಿತು ಎಂಬ ಮಾತುಗಳನ್ನು ಕೇಳಿ ಕೇಳಿ ಸಾಕಾಗಿ, ಪಟ್ಟಿ ಕಟ್ಟುವುದಕ್ಕಿಂತ ಮುಂಚಿನ ಕೆಲಸ ಏನಾದರೂ ಇದೆಯೇ ಎಂದು ಯೋಚಿಸಿ ಈ ಕೂಟ ಶುರುಮಾಡಿದ್ದಳು. ಹುಡುಗಿಯರನ್ನು ಕರೆಯಲು ಮನೆಮನೆಗೆ ಬಂದಾಗ ಪಿಸುವಿನ ಅಜ್ಜಿಯೇ ಬಾಗಿಲಲ್ಲಿ ತಡೆದಿದ್ದಳು. ಗಂಡು ಹೆಣ್ಣಿನ ವಿಷಯ ಕಲಿಸೋಕೊಂದು ಕ್ಲಾಸಾ, ನಾವೇನು ಪಾಠ ಓದಿ ಸಂಸಾರ ಮಾಡಿದ್ವಾ ಎಂದು.

"ಬೆಟ್ಟದಲ್ಲಿ ಬಾಗಿಲೇ ಇರಲಿಲ್ಲ ಅಜ್ಜಿ," ನರ್ಸಕ್ಕ ಹೇಳಿದ್ದಳು. "ಒಬ್ಬ ಕೈ ಎತ್ತಿದ್ರೆ ಹತ್ತು ಜನ ನೋಡ್ತಿದ್ರು. ಇಲ್ಲಿ ಬಾಗಿಲು ಹಾಕ್ಕೊಂಡ್ರೆ ಪಕ್ಕದ ಮನೆಗೂ ಕೇಳಿಸಲ್ಲ."

ಅಜ್ಜಿ ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದಳು. ಆಮೇಲೆ ಪಿಸುವಿನ ಚಪ್ಪಲಿಯನ್ನು ತಾನೇ ಕಾಲಿನಿಂದ ಮುಂದಕ್ಕೆ ತಳ್ಳಿದಳು.

ಆ ಕೋಣೆ ಮೊದಲು ಔಷಧದ ಪೆಟ್ಟಿಗೆ ಇಡುವ ಉಗ್ರಾಣವಾಗಿತ್ತು. ಮಳೆನೀರಿನ ಕಲೆ ಗೋಡೆಯ ಮೇಲೆ ಒಂಟೆಯ ಆಕಾರದಲ್ಲಿ ಹರಡಿತ್ತು. ಒಂದು ಹಲ್ಲಿನ ಚಿತ್ರಪಟ, ಬಣ್ಣಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು. ನರ್ಸಕ್ಕ ಚಪ್ಪಲಿ ಬಿಟ್ಟು ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಮಾತಾಡುತ್ತಿದ್ದಳು. ನಿನ್ನ ಫೋನು ನಿನ್ನದು ಎಂಬುದನ್ನು ಅಲ್ಲಿಯೇ ಅವರು ಕೇಳಿದ್ದು. ಹೊಡೆದು ಆಮೇಲೆ ಅಳುವವನ ಕಣ್ಣೀರನ್ನು ಹೇಗೆ ಓದಬೇಕು, ಹೆದರಿಕೆಯಾದರೆ ಯಾರ ಮನೆಯ ಬಾಗಿಲು ತಟ್ಟಬೇಕು, ಯಾವ ನಂಬರಿಗೆ ಫೋನು ಮಾಡಬೇಕು, ಎಲ್ಲ ಅಲ್ಲಿಯೇ. ಹಾಗೆಂದು ಅಳುಮುಂಜಿ ಕೂಟವಲ್ಲ ಅದು. ಒಳ್ಳೆಯ ಗಂಡಿನಲ್ಲಿ ಏನಿರಬೇಕು ಎಂದು ಕೇಳಿದಾಗ ರೇಡಿಯೋ, ಮೊದಲು ಅವನಿಗೊಂದು ಬೈಕಿರಲಿ ಅಕ್ಕ, ಗುಣ ಆಮೇಲೆ ಹಾಕಿಸಿಕೊಂಡರಾಯಿತು ಎಂದು ಎಲ್ಲರನ್ನೂ ನಗಿಸಿದ್ದಳು.

ಆ ದಿನ ನರ್ಸಕ್ಕ ಆಟ ಆಡಿಸಿದಳು. ರೇಡಿಯೋಗೆ ಪೆನ್ನಿನಿಂದ ಮೀಸೆ ಬರೆದು ಹುಡುಗನನ್ನಾಗಿ ಮಾಡಿದಳು. ಎದುರಿಗೆ ಇನ್ನೊಬ್ಬಳನ್ನು ನಿಲ್ಲಿಸಿ, ಅವನು ಏನು ಕೇಳಿದರೂ ಬಾಯಿ ಬಿಡಬೇಡ ಎಂದಳು. ರೇಡಿಯೋ ಮೀಸೆ ತಿರುವಿ, ನನ್ನ ಜೊತೆ ಬರ್ತೀಯಾ ಎಂದು ಕೇಳಿದಳು. ಹುಡುಗಿ ತಲೆ ತಗ್ಗಿಸಿ ನಿಂತಳು.

"ಈಗ ಇವಳು ಏನು ಹೇಳಿದ್ಲು?" ಎಂದಳು ನರ್ಸಕ್ಕ.

"ಬೇಡ ಅಂದ್ಲು," ಎಂದಿತು ಅರ್ಧ ಕೋಣೆ.

"ಹೂಂ ಅಂದ್ಲು," ಎಂದಿತು ಇನ್ನರ್ಧ.

ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು, ಆಚೆಯವರು ತಮಾಷೆ ಮಾಡುತ್ತಿದ್ದಾರೇನೋ ಎಂಬಂತೆ. ಬೇಡ ಎಂದವರೆಲ್ಲ ಹಗ್ಗದ ಕೆಲಸದ ಮನೆಯವರು. ಹೂಂ ಎಂದವರು ಪಟ್ಟಣಕ್ಕೆ ಇಳಿದ ಮೇಲೆ ಹಗ್ಗ ಬಿಟ್ಟು ಬೇರೆ ಕೆಲಸ ಹಿಡಿದ ಮನೆಗಳವರು. ರೇಡಿಯೋ ಆ ಗುಂಪಿನವಳು. ಮೌನ ಅಂದ್ರೆ ಸಮ್ಮತಿ ಅಲ್ವಾ ಅಕ್ಕ, ಎಲ್ಲರೂ ಹೇಳ್ತಾರಲ್ಲ ಎಂದು ಮೀಸೆಯಡಿಯಿಂದ ವಾದಿಸಿದಳು. ಯಾರಮ್ಮ ಆ ಎಲ್ಲರೂ, ನಮ್ಮನೇಲಿ ಹಾಗಂದ್ರೆ ಅಪ್ಪ ಕೆಳಗೆ ಬೀಳ್ತಾನೆ ಎಂದು ಒಬ್ಬಳು ತಿರುಗಿಬಿದ್ದಳು.

ನರ್ಸಕ್ಕನೂ ಒಂದು ಗಳಿಗೆ ತಬ್ಬಿಬ್ಬಾದಳು. ಹೂಂ ಎನ್ನುವವರಿಗೆ ಹೇಳಬೇಕಾದ ಮಾತನ್ನಷ್ಟೇ ಅವಳು ಸಿದ್ಧ ಮಾಡಿಕೊಂಡು ಬಂದಿದ್ದಳು. ಅದನ್ನು ಹೇಳಿದಳು: ಉತ್ತರ ಬರಲಿಲ್ಲವೆಂದರೆ ಕೇಳಿದವನು ಇನ್ನೊಮ್ಮೆ ಕೇಳಬೇಕು, ತನಗೆ ಬೇಕಾದ ಉತ್ತರವನ್ನು ತಾನೇ ಇಟ್ಟುಕೊಳ್ಳಬಾರದು. ಆಮೇಲೆ ಹಗ್ಗದ ಮನೆಯ ಹುಡುಗಿಯರ ಕಡೆ ತಿರುಗಿದಳು.

"ನಿಮಗೆ ಹೇಳ್ಕೊಡೋದು ಏನೂ ಇಲ್ಲ ಅಂದ್ಕೊಂಡಿದ್ದೆ. ನಿಮ್ಮ ನಿಯಮ ಸರಿ, ಅದನ್ನ ಬಿಡಬೇಡಿ. ಆದ್ರೆ ಎದುರಿಗಿರೋನಿಗೆ ಆ ನಿಯಮ ಗೊತ್ತಿರುತ್ತೆ ಅಂತ ಮಾತ್ರ ನಂಬ್ಕೊಂಡು ಕೂರಬೇಡಿ. ಅವನು ಬೇರೆ ಮನೇಲಿ ಬೆಳೆದಿದ್ದಾನೆ."

ಪಿಸುವಿಗೆ ಆಗ ಹೊಳೆಯಿತು. ವ್ಯಾನಿನವನು ಸುಳ್ಳು ಹೇಳಿರಲಿಲ್ಲ. ಅವನ ಪಾಲಿಗೆ ಅವಳು ಹೂಂ ಎಂದೇ ಹೇಳಿದ್ದಳು. ಚಪ್ಪಲಿಯ ಬಣ್ಣಕ್ಕೂ ಹೂಂ, ಚಿಕ್ಕಪ್ಪನ ನಂಬರಿಗೂ ಹೂಂ.

ಎಲ್ಲರೂ ಹೋದ ಮೇಲೆ ಅವಳು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತ ಉಳಿದಳು. ಮೀಸೆ ಉಜ್ಜಿಕೊಳ್ಳುತ್ತಿದ್ದ ರೇಡಿಯೋಳೂ ಉಳಿದಳು. ಪಿಸು ಹೇಳಿದ್ದೆಲ್ಲ ಕೇಳಿಸಿಕೊಳ್ಳಲು ನರ್ಸಕ್ಕ ಬಗ್ಗಬೇಕಾಯಿತು. ತಪ್ಪು ತನ್ನದೇ ಅಲ್ಲವೇ, ತಾನು ಬಾಯಿ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವಲ್ಲ ಎಂದು ಪಿಸು ಕೇಳಿದಳು. ಕೇಳಿದವನು ಕಾಯಲಿಲ್ಲ, ಆ ತಪ್ಪನ್ನು ನೀನು ಹೊರಬೇಡ ಎಂದಳು ನರ್ಸಕ್ಕ.

"ಅವನು ಕೆಟ್ಟವನಾ ಅಕ್ಕ?"

"ನಂಗೆ ಗೊತ್ತಿಲ್ಲ. ನೀನು ಬಾಯಿಬಿಟ್ಟು ಬೇಡ ಅಂದ್ಮೇಲೆ ಅವನು ಏನು ಮಾಡ್ತಾನೋ ನೋಡು. ಅವನು ಯಾರು ಅನ್ನೋದು ಆಗ ಗೊತ್ತಾಗುತ್ತೆ."

"ಯಾಕೆ ಬೇಡ ಅಂತ ಕೇಳಿದ್ರೆ? ನನ್ನ ಹತ್ರ ಕಾರಣ ಇಲ್ಲ. ಹೋಗಬೇಕು ಅನ್ನಿಸ್ತಿಲ್ಲ, ಅಷ್ಟೇ."

"ಅಷ್ಟೇ ಸಾಕು. ಬೇಡ ಅನ್ನೋಕೆ ಬೇರೆ ಕಾರಣ ತರಬೇಕಾಗಿಲ್ಲ."

ತಾನೂ ಬರಲೇ ಎಂದು ನರ್ಸಕ್ಕ ಕೇಳಿದಳು. ಪಿಸು ಯೋಚಿಸಿ ಬೇಡವೆಂದಳು, ಬಾಯಿಬಿಟ್ಟೇ. ಹಾಗಿದ್ದರೆ ವ್ಯಾನಿನೊಳಗೆ ಮಾತ್ರ ಹತ್ತಬೇಡ, ಹಗಲಲ್ಲಿ, ನಾಲ್ಕು ಜನ ಇರುವ ಕಡೆ ಹೇಳು, ಯಾರಾದರೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರವಿರಲಿ ಎಂದಳು ನರ್ಸಕ್ಕ. ಆ ಯಾರಾದರೊಬ್ಬರು ನಾನೇ ಎಂದಳು ರೇಡಿಯೋ. ಬೆಳಿಗ್ಗೆ ಲಾಂಡ್ರಿಯಲ್ಲಿ ಆಡಿದ ಮಾತಿಗೆ ಅವಳ ಮುಖ ಚಿಕ್ಕದಾಗಿತ್ತು.

ಮನೆಗೆ ಬಂದರೆ ಸುದ್ದಿ ಅವಳಿಗಿಂತ ಮುಂಚೆಯೇ ಮೂರು ಮಹಡಿ ಹತ್ತಿ ಕೂತಿತ್ತು. ಅಪ್ಪ ಹಗ್ಗದ ಎಳೆಗಳನ್ನು ಬೆರಳಲ್ಲಿ ತಡವಿ ಸವೆದದ್ದನ್ನು ಹುಡುಕುತ್ತಿದ್ದ. ಎಂದಿಗಿಂತ ನಿಧಾನವಾಗಿ ತಡವುತ್ತಿದ್ದ. ಅಮ್ಮ ಒಲೆ ಆರಿಸಿ ಅವಳೆದುರು ಬಂದು ನಿಂತಳು.

"ನೀನು ಹೂಂ ಅಂದ್ಯಾ?"

ಅಮ್ಮ ಅಷ್ಟು ಕೇಳಿ ಸುಮ್ಮನಾದಳು. ತಾರಸಿಯ ಅಂಚಿನಲ್ಲಿ ಕೂತು ಕಾಯುತ್ತಾಳಲ್ಲ, ಹಾಗೆಯೇ ಕಾದಳು. ಇಡೀ ಲಾಂಡ್ರಿಯಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಎಲ್ಲರೂ ಅಂದಳಂತೆ ಎಂದಿದ್ದರು, ಅಂದೆಯಾ ಎಂದು ಯಾರೂ ಕೇಳಿರಲಿಲ್ಲ. ಪಿಸುವಿಗೆ ಅಲ್ಲಿಯವರೆಗೆ ಬಾರದಿದ್ದ ಅಳು ಒಟ್ಟಿಗೇ ಬಂತು. ಇಲ್ಲ ಎಂದಳು, ಎಲ್ಲವನ್ನೂ ಹೇಳಿದಳು.

ಅಪ್ಪ ಎದ್ದು ನಿಂತ. ಅವನ ವ್ಯಾನಿನ ನಾಲ್ಕೂ ಚಕ್ರ ಬಿಚ್ಚಿ ಬರ್ತೀನಿ ಎಂದ. ಚಕ್ರ ಬಿಚ್ಚಿದ್ರೆ ಅವನು ಇಲ್ಲೇ ಉಳೀತಾನೆ, ಅವನು ಹೋಗೋದು ಬೇಡವಾ ಎಂದಳು ಅಜ್ಜಿ. ಅಪ್ಪ ಮತ್ತೆ ಕೂತ. ಅವಳೇ ಹೇಳಲಿ ಎಂದಳು ಅಮ್ಮ. ಅಜ್ಜಿ ಮಾತ್ರ ಮೊಮ್ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡು, ಕಥೆ ಹೇಳುವ ದನಿಯಲ್ಲಿ, ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದು ನನಗೆ ಸಾಕಾಗ್ತಿತ್ತು, ಲೋಕದ ಕಿವಿ ಅಷ್ಟು ಹತ್ತಿರ ಬರಲ್ಲ ಮಗಾ, ಸ್ವಲ್ಪ ಎತ್ತಿ ಹೇಳು ಎಂದಳು.

ಸೋಮವಾರ ವ್ಯಾನಿನವನು ಹೊಸದಾಗಿ ತಲೆ ಕತ್ತರಿಸಿಕೊಂಡು ಬಂದಿದ್ದ. ಕಿವಿಯ ಹಿಂದೆ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಅದನ್ನು ಕಂಡು ಪಿಸುವಿಗೆ ಕರುಳು ಚುರುಕ್ಕೆಂದಿತು. ಗಂಟು ಇಳಿಸುವ ಕಟ್ಟೆಯ ಮೇಲೆ ಹಗಲ ಬೆಳಕು ಚೆಲ್ಲಿತ್ತು. ಒಳಗೆ ಇಸ್ತ್ರಿಯವರು, ಬಾಗಿಲಲ್ಲಿ ಖಾಲಿ ಬುಟ್ಟಿಯನ್ನು ಹತ್ತನೇ ಬಾರಿಗೆ ಜೋಡಿಸುತ್ತಿದ್ದ ರೇಡಿಯೋ.

"ಬ್ಯಾಗ್ ಎಲ್ಲಿ?" ಎಂದ ಅವನು.

"ನಾನು ಬರಲ್ಲ."

ಅದು ಎಷ್ಟು ಗಟ್ಟಿಯಾಗಿ ಬಂತೆಂದರೆ ಒಳಗೆ ಇಸ್ತ್ರಿಯ ಸದ್ದು ನಿಂತಿತು. ಅವನು ನಕ್ಕ. ತಮಾಷೆ ಎಂದುಕೊಂಡ. ಆಮೇಲೆ ಅವಳ ಮುಖ ನೋಡಿ ನಗು ಇಳಿಸಿದ. ಇಬ್ಬರು ಅಂತ ಹೇಳಿ ಮನೆ ತೆಗೆದುಕೊಂಡಿದ್ದೇನೆ, ಒಬ್ಬನಾದರೆ ಮನೆ ಕೊಡುವುದಿಲ್ಲ, ಈಗ ಹೇಳುತ್ತೀಯಲ್ಲ ಎಂದು ದನಿ ಏರಿಸಿದ. ಕೈಯಲ್ಲಿದ್ದ ಕೀಲಿಗೊಂಚಲನ್ನು ಗಂಟುಗಳ ಮೇಲೆ ಎಸೆದ. ಬಾಗಿಲಲ್ಲಿ ರೇಡಿಯೋ ಬುಟ್ಟಿ ಬಿಟ್ಟು ಮುಂದೆ ಬಂದಳು. ಅವಳ ಹಿಂದೆ ದೊಡ್ಡಮ್ಮ, ಅವಳ ಹಿಂದೆ ಇನ್ನಿಬ್ಬರು. ನಿಂತರು, ಅಷ್ಟೇ.

"ನೀನು ಸುಮ್ನಿದ್ಯಲ್ಲ ಅವತ್ತು," ಎಂದ ಅವನು.

"ನಮ್ಮಲ್ಲಿ ಸುಮ್ನಿದ್ರೆ ಬೇಡ ಅಂತ. ನಿಂಗೆ ಗೊತ್ತಿರಲಿಲ್ಲ, ನಂಗೆ ನಿಂದು ಗೊತ್ತಿರಲಿಲ್ಲ. ಅದಕ್ಕೇ ಈಗ ಬಾಯಿಬಿಟ್ಟು ಹೇಳ್ತಿದ್ದೀನಿ. ನಾನು ಬರಲ್ಲ. ಮದುವೇನೂ ಬೇಡ. ಚಿಕ್ಕಪ್ಪನ ನಂಬರ್ ಅಳಿಸಿದ್ದೂ ನಂಗೆ ಬೇಡವಾಗಿತ್ತು."

ಅವನು ಮಾತಾಡಲಿಲ್ಲ. ಒಪ್ಪಿದನೋ, ಸಿಟ್ಟು ನುಂಗಿದನೋ ತಿಳಿಯದಂಥ ಮೌನ. ಹಿಂದಿನ ಪಿಸುವಾಗಿದ್ದರೆ ಹೊರಟುಬಿಡುತ್ತಿದ್ದಳು. ಈಗ ಕಾಲು ಗಟ್ಟಿ ಮಾಡಿ ನಿಂತು, ನಾನು ಹೇಳಿದ್ದು ಕೇಳಿಸ್ತಾ ಎಂದು ಕೇಳಿದಳು.

"ಕೇಳಿಸ್ತು," ಎಂದ ಅವನು. "ಬರಲ್ಲ ಅಂದೆ."

ಗಂಟುಗಳ ನಡುವೆ ಕೈಹಾಕಿ ಕೀಲಿ ಹುಡುಕಿದ. ಸಿಗಲಿಲ್ಲ. ರೇಡಿಯೋ ತಾನೇ ಹೋಗಿ ಹುಡುಕಿಕೊಟ್ಟಳು. ಆ ಹೊತ್ತಿನಲ್ಲಿ ಅವಳ ಬಾಯಿಂದ ಒಂದೇ ಒಂದು ಕುಹಕವೂ ಬರಲಿಲ್ಲವೆಂಬುದನ್ನು ಲಾಂಡ್ರಿಯವರು ಇಂದಿಗೂ ಆಶ್ಚರ್ಯದಿಂದ ಹೇಳುತ್ತಾರೆ. ಅವನು ವ್ಯಾನು ಹತ್ತಿದವನು ಮತ್ತೆ ಇಳಿದು ಮೇಲ್ವಿಚಾರಕರ ಕೋಣೆಗೆ ಹೋದ. ಅವಳು ಹೂಂ ಅಂದಿರಲಿಲ್ಲ, ನಾನೇ ಹಾಗಂದ್ಕೊಂಡೆ ಎಂದು ಅವನು ಹೇಳಿದ್ದು ತೆರೆದ ಬಾಗಿಲಿಂದ ಎಲ್ಲರಿಗೂ ಕೇಳಿಸಿತು. ಹೋಗುವಾಗ ಅವಳ ಕಡೆ ನೋಡಲಿಲ್ಲ. ನೋಡಬೇಕೆಂದು ಅವಳಿಗೂ ಅನ್ನಿಸಲಿಲ್ಲ. ಆದರೂ ವ್ಯಾನು ತಿರುವು ದಾಟುವಾಗ ಅವನ ಹಾದಿ ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಊಟದ ಬಿಡುವಿನಲ್ಲಿ ಅವಳು ಆರೋಗ್ಯ ಕೇಂದ್ರಕ್ಕೆ ಓಡಿದಳು. ಅಂದು ಮಕ್ಕಳಿಗೆ ಚುಚ್ಚುಮದ್ದು ಹಾಕುವ ದಿನ. ಬೆಂಚು ತುಂಬ ತಾಯಂದಿರು, ಪರದೆಯಾಚೆ ನರ್ಸಕ್ಕನ ತೋಳು ಮಾತ್ರ ಕಾಣುತ್ತಿತ್ತು. ಸಾಲಿನ ಕೊನೆಯಲ್ಲಿ ನಿಂತು ಪಿಸು ಏನು ಹೇಳಬೇಕೆಂದು ಜೋಡಿಸಿಕೊಳ್ಳತೊಡಗಿದಳು. ದೊಡ್ಡ ದೊಡ್ಡ ಮಾತುಗಳನ್ನೇ ಜೋಡಿಸಿದಳು. ಹಿಂದಿನ ಕೋಣೆಯ ಕುರ್ಚಿಗಳಿಗೆ, ಗೋಡೆಯ ಒಂಟೆಗೆ, ಮನೆಮನೆಯ ಮೆಟ್ಟಿಲು ಹತ್ತಿ ಸವೆದ ಆ ಚಪ್ಪಲಿಗಳಿಗೆ ಸೇರಬೇಕಾದ ಮಾತುಗಳು. ತನಗೆ ಬಾಗಿಲು ತೆರೆದ ಅಜ್ಜಿಯನ್ನೂ ಕಾದು ನಿಂತ ಅಮ್ಮನನ್ನೂ ಅದರಲ್ಲಿ ಸೇರಿಸಿದಳು. ಪರದೆ ಸರಿದು ನರ್ಸಕ್ಕನ ಮುಖ ಕಂಡಾಗ ಎಲ್ಲವೂ ಉದುರಿಹೋಯಿತು.

"ಹೇಳಿದೆ ಅಕ್ಕ," ಎಂದು ಬೆಂಚಿನ ಕೊನೆಯವರಿಗೂ ಕೇಳುವಂತೆ ಕೂಗಿದಳು. "ನಿಮ್ಮಿಂದಲೇ ಹೇಳೋಕಾಯ್ತು."

ನರ್ಸಕ್ಕ ಸಿರಿಂಜು ಕೆಳಗಿಟ್ಟಳು. ಅವಳ ಕೆನ್ನೆಯನ್ನು ಮಣಿಕಟ್ಟಿನಿಂದ ಒತ್ತಿದಳು, ಬೆರಳಿಗೆಲ್ಲ ಔಷಧ ಅಂಟಿತ್ತು. ಆಮೇಲೆ ಕಣ್ಣು ಮಿಟುಕಿಸಿಕೊಂಡು, ನಿಂತಿದ್ದೀಯಲ್ಲ, ಈ ತಾಯಿಗೆ ಅವಳಿಜವಳಿ, ಒಂದನ್ನು ನೀನು ಹಿಡ್ಕೋತೀಯಾ ಎಂದಳು.

ಹಿಡ್ಕೋತೀನಿ ಎಂದಳು ಪಿಸು. ಬೆಚ್ಚಗಿನ, ಬಿಗಿಮುಷ್ಟಿಯ ಹೆಣ್ಣುಕೂಸು ಅವಳ ತೋಳಿಗೆ ಬಂತು. ಸೂಜಿ ತಾಗಿದ್ದೇ ತಡ, ಅಂಗೈಯಗಲದ ಬಾಯಿ ತೆರೆದು ಕೇಂದ್ರದ ಗಾಜು ನಡುಗುವಂತೆ ಕಿರುಚಿತು. ಬೆಂಚಿನ ಮೇಲಿದ್ದವರೆಲ್ಲ ಶ್ ಶ್ ಎನ್ನತೊಡಗಿದರು. ಪಿಸು ಮಗುವನ್ನು ಭುಜಕ್ಕೆ ಏರಿಸಿಕೊಂಡು ಬೆನ್ನು ಸವರುತ್ತ ಬಾಗಿಲ ಬೆಳಕಿನ ಕಡೆ ನಡೆದಳು. ನೋವಾದರೆ ಕೂಗು ಕಂದ, ಇನ್ನೂ ಜೋರಾಗಿ ಕೂಗು ಎಂದು ಅದರ ಕಿವಿಯಲ್ಲಿ ಹೇಳುತ್ತ, ಅದು ಸಾಕು ಎನ್ನುವವರೆಗೂ ಅಲ್ಲಿಯೇ ಅಡ್ಡಾಡಿದಳು.